ಐದನೆಯ ಮನೆಯ ಪಡಿ

ಹೋದ ವಾರ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಅನ್ನದ ಬಗ್ಗೆ ಗಲಾಟೆಯಾಯಿತು. ಅಡುಗೆಯವನು ಎರಡು ಮೂಟೆಗಳ ತಳದಲ್ಲಿ ಉಳಿದ ಅಕ್ಕಿಯನ್ನು ಒಂದೇ ಪಾತ್ರೆಗೆ ಹಾಕಿ ಬೇಯಿಸಿದ್ದ. ಒಂದು ಬಗೆಯ ಅಗುಳು ಮುದ್ದೆಯಾಗಿತ್ತು, ಇನ್ನೊಂದು ಹಲ್ಲಿಗೆ ಕಟಕ್ಕೆನ್ನುತ್ತಿತ್ತು. ಎಲ್ಲರೂ ತಟ್ಟೆ ಸರಿಸಿ ಎದ್ದರು. ನಾನು ಮಾತ್ರ ಸ್ವಲ್ಪ ಹೊತ್ತು ಕೂತೇ ಇದ್ದೆ. ಬೇರೆ ಬೇರೆ ಅಕ್ಕಿ ಒಟ್ಟಿಗೆ ಬೆಂದಾಗ ಅದರ ಹಬೆಗೆ ಬೇರೆಯೇ ವಾಸನೆ ಇರುತ್ತದೆ. ಹಳೆಯ ಅಕ್ಕಿಯ ಮುಗ್ಗಲು, ಹೊಸ ಅಕ್ಕಿಯ ಸಿಹಿ, ಎರಡೂ ಸೇರದೆ ಅಕ್ಕಪಕ್ಕದಲ್ಲೇ ನಿಂತಂತೆ. ನಮ್ಮ ಮನೆಯಲ್ಲಿ ಆ ವಾಸನೆ ವರ್ಷಕ್ಕೆ ಒಂದು ದಿನ ಬರುತ್ತಿತ್ತು.

ಮನೆಗೆ ಬಂದು ಹಳೆಯ ಡೈರಿಗಳನ್ನು ತೆಗೆದೆ. ಪಿಯುಸಿಯಿಂದ ನಾನು ಡೈರಿ ಬರೆಯುತ್ತಿದ್ದೇನೆ. ತಾರೀಕು, ಮಳೆ ಬಂತೋ ಇಲ್ಲವೋ, ಬಸ್ಸು ಎಷ್ಟು ಹೊತ್ತಿಗೆ ಸಿಕ್ಕಿತು, ಮೊಪೆಡ್ ಎಷ್ಟು ದೂರ ಓಡಿತು, ಇಂಥವೇ. ಗೆಳೆಯರು ನನ್ನನ್ನು ‘ಏನ್ ಶಾನುಭೋಗ್ರೇ’ ಎಂದು ಕರೆಯುತ್ತಿದ್ದರು. ವಿಮಾನಗಳು ನಮ್ಮ ತಲೆಯ ಮೇಲೆ ಹಾರಲು ಶುರುವಾದ ವರ್ಷದ ಶ್ರಾವಣದ ಪುಟಗಳು ಸಿಕ್ಕವು. ಪ್ರತಿ ಶನಿವಾರದ ಎದುರು ಒಂದು ಊರಿನ ಹೆಸರು, ದೂರ, ಅಕ್ಕಿಯ ಅಳತೆ. ಕೊನೆಯ ಶನಿವಾರದ ಎದುರು ‘ಕುಂದಾಣ ದಾರಿ. ಮೂರು ಬೊಗಸೆ. ಜಿಟಿಜಿಟಿ ಮಳೆ’ ಎಂದಷ್ಟೇ ಬರೆದಿದ್ದೇನೆ. ಅವತ್ತು ನಡೆದದ್ದು ಏನೆಂದು ಬರೆದ ದಿನ ನನಗೂ ತಿಳಿದಿರಲಿಲ್ಲ.

ನಮ್ಮದು ತಿರುಪತಿ ತಿಮ್ಮಪ್ಪನ ಒಕ್ಕಲು. ಶ್ರಾವಣದ ಒಂದು ಶನಿವಾರ ಮನೆಯ ಹಿರಿಯ ಗಂಡಸು ಹಣೆಗೆ ನಾಮ ಇಟ್ಟು, ತುಳಸಿ ಸುತ್ತಿದ ಹಿತ್ತಾಳೆ ಚೊಂಬು ಹಿಡಿದು, ಐದು ಮನೆಗಳ ಮುಂದೆ ‘ಗೋವಿಂದಾ’ ಎಂದು ಕೂಗಿ ಅಕ್ಕಿ ಬೇಡಬೇಕು. ಇದಕ್ಕೆ ಪಡಿ ಬೇಡುವುದು ಎನ್ನುತ್ತಾರೆ. ಮನೆಯಲ್ಲಿ ಎಷ್ಟೇ ದವಸವಿರಲಿ, ಬೇಡಲೇಬೇಕು. ತಂದ ಅಕ್ಕಿಯನ್ನು ದೇವರ ಮುಂದೆ ಸುರಿದು, ಎಲ್ಲವನ್ನೂ ಒಟ್ಟಿಗೆ ಅನ್ನ ಮಾಡಿ, ಎಡೆಯಿಟ್ಟು ಉಣ್ಣಬೇಕು. ನೀಡುವವರು ಮೂರು ಬೊಗಸೆ ಹಾಕಿ, ಬೇಡಲು ಬಂದವನು ತಮಗಿಂತ ಚಿಕ್ಕವನಾದರೂ ಅವನ ಕಾಲು ಮುಟ್ಟುತ್ತಾರೆ. ಆ ಹೊತ್ತಿಗೆ ಅವನು ದಾಸ. ಇಷ್ಟು ಎಲ್ಲ ಒಕ್ಕಲುಗಳಲ್ಲೂ ಇದೆ. ನಮ್ಮ ಮನೆತನದಲ್ಲಿ ಇನ್ನೆರಡು ಕಟ್ಟುಪಾಡು ಸೇರಿಕೊಂಡಿದ್ದವು. ಚೊಂಬಿಗೆ ಕಾಳು ಬಿದ್ದಮೇಲೆ ಅದನ್ನು ನಮ್ಮ ದೇವರ ಮುಂದೆ ಸುರಿಯುವ ತನಕ ಗೋವಿಂದ ಎನ್ನುವುದೊಂದನ್ನು ಬಿಟ್ಟು ಬೇರೆ ಮಾತಾಡಬಾರದು. ಯಾರ ಹೊಸಿಲೂ ದಾಟಬಾರದು, ಗುಟುಕು ನೀರೂ ಕುಡಿಯಬಾರದು. ಎರಡನೆಯದು, ಐದನೆಯ ಮನೆ ಒಡಹುಟ್ಟಿದವರದೇ ಆಗಿರಬೇಕು.

‘ಹೆರವರ ಮುಂದೆ ಯಾವನ್ ಬೇಕಾದ್ರೂ ಕೈ ಒಡ್ತಾನೆ ಕಣೋ’ ಎನ್ನುತ್ತಿದ್ದ ನನ್ನ ತಾತ ಮುನಿವೆಂಕಟಪ್ಪ. ‘ತಮ್ಮನ ಮುಂದೆ ಒಡ್ಡಿ ನೋಡು. ಆವಾಗ ಗೊತ್ತಾಗ್ತದೆ ಬೇಡೋದು ಅಂದ್ರೆ ಏನು ಅಂತ.’

ಹಳೆಯ ಊರಿನಲ್ಲಿ ಇದೆಲ್ಲ ಅರ್ಧ ಗಂಟೆಯ ಕೆಲಸ. ನಾಲ್ಕು ಮನೆಗಳೂ ಒಂದೇ ಬೀದಿಯವು. ಐದನೆಯದಕ್ಕೆ ತಾತ ಬೀದಿಯನ್ನೇ ಬಿಡಬೇಕಾಗಿರಲಿಲ್ಲ. ನಮ್ಮ ಮನೆಯ ಹಿಂಭಾಗದಲ್ಲೇ ಅವನ ತಮ್ಮ ನಾರಾಯಣಪ್ಪನ, ಅಂದರೆ ನನ್ನ ಚಿಕ್ಕತಾತನ, ಸಂಸಾರವಿತ್ತು. ನಡುವೆ ಒಂದು ಗೋಡೆ, ಇಬ್ಬರಿಗೂ ಸೇರಿ ಒಂದೇ ದೇವರ ಮನೆ. ತಾತ ಮನೆ ಸುತ್ತಿ ಹಿತ್ತಿಲ ಬಾಗಿಲಿಗೆ ಹೋಗಿ ಗೋವಿಂದ ಎಂದರೆ, ಅರ್ಧ ಗಂಟೆ ಮೊದಲು ಅವನ ಬೆನ್ನಿಗೆ ನೀರು ಹುಯ್ದಿದ್ದ ಚಿಕ್ಕತಾತನೇ ಮೊರದಲ್ಲಿ ಅಕ್ಕಿ ಹಿಡಿದು, ಮುಖ ಗಂಟು ಹಾಕಿಕೊಂಡು, ‘ಯಾವೂರ್ ದಾಸಪ್ಪನಪ್ಪ ನೀನು, ಹೋದ ವರ್ಷಕ್ಕಿಂತ ಹೊಟ್ಟೆ ಬಂದೈತಲ್ಲಾ’ ಎನ್ನುತ್ತಿದ್ದ. ತಾತ ನಗು ತಡೆದು ಗೋವಿಂದ ಎನ್ನಬೇಕು. ಒಂದು ವರ್ಷ ತಡೆಯಲಾಗದೆ ಚೊಂಬು ಅಲುಗಿ ಅಕ್ಕಿ ಚೆಲ್ಲಿದ್ದನ್ನು ನಾನೇ ನೋಡಿದ್ದೇನೆ.

ವಿಮಾನ ನಿಲ್ದಾಣಕ್ಕೆ ಊರು ಹೋಯಿತು. ಹೋದದ್ದರ ಕಥೆಯನ್ನು ಎಲ್ಲರೂ ಹೇಳಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ. ನಮ್ಮ ಮನೆಯೊಳಗೆ ಸಂಬಂಧ ಹರಿದದ್ದು ಮಾತ್ರ ಸಾಮಾನು ಸಾಗಿಸುವ ದಿನ. ನಮಗೆ ದೇವನಹಳ್ಳಿ ಪಕ್ಕದ ಹೊಸ ಬಡಾವಣೆಯಲ್ಲಿ ಸೈಟು. ಚಿಕ್ಕತಾತ ಕುಂದಾಣದ ಕಡೆ ಸ್ವಲ್ಪ ಜಮೀನು ತೆಗೆದುಕೊಂಡು ಅಲ್ಲೇ ಮನೆ ಕಟ್ಟಿಕೊಂಡಿದ್ದ. ಎರಡು ಟ್ರಾಕ್ಟರುಗಳು ಬಾಗಿಲಲ್ಲಿ ನಿಂತಿದ್ದವು. ಹಾಸಿಗೆ, ಒರಳು, ಹಂಡೆ ಎಲ್ಲ ಜಗಳವಿಲ್ಲದೆ ಏರಿದವು. ಕೊನೆಗೆ ಉಳಿದದ್ದು ದೇವರ ಪೆಟ್ಟಿಗೆ. ಮೊಳ ಉದ್ದದ ಹಲಸಿನ ಮರದ ಪೆಟ್ಟಿಗೆ. ಒಳಗೆ ಬೆಳ್ಳಿ ನಾಮ, ಶಂಖ, ಪಡಿಯ ಚೊಂಬು.

‘ಅಣ್ಣ, ಒಂದ್ ವರ್ಷ ನಿನ್ ಮನೇಲಿರ್ಲಿ, ಒಂದ್ ವರ್ಷ ನನ್ ಮನೇಲಿ’ ಎಂದ ಚಿಕ್ಕತಾತ.

‘ದೇವರೇನ್ ಪಾಲಿಗ್ ಬಿಟ್ಟಿರೋ ಎಮ್ಮೆನೇನ್ಲಾ? ಆರ್ ತಿಂಗ್ಳು ನೀ ಕರ್ಕೊ, ಆರ್ ತಿಂಗ್ಳು ನಾ ಕರ್ಕೊತೀನಿ ಅನ್ನಕ್ಕೆ?’

‘ನಾನೂ ಈ ಮನೇಲೇ ಹುಟ್ಟಿದ್ದು.’

‘ಅಪ್ಪ ಕೊಟ್ಟಿದ್ದು ಹಿರೇ ಮಗನ ಕೈಗೆ.’

ಚಿಕ್ಕತಾತ ಸ್ವಲ್ಪ ಹೊತ್ತು ಪೆಟ್ಟಿಗೆಯನ್ನೇ ನೋಡಿದ. ಆಮೇಲೆ, ‘ಹಂಗಾರೆ ಮುಕ್ತಿನೂ ಹಿರೇ ಮಗನಿಗೇ ಇರ್ಬೇಕು. ತಗೊಂಡೋಗು’ ಎಂದು ತನ್ನ ಟ್ರಾಕ್ಟರು ಹತ್ತಿದ. ಹಿಂದಿರುಗಿ ನೋಡಲಿಲ್ಲ. ಹೊಸ ಮನೆಯ ಗೃಹಪ್ರವೇಶಕ್ಕೆ ಅವನು ನಮ್ಮನ್ನು ಕರೆಯಲಿಲ್ಲ, ನಾವು ಅವನನ್ನು ಕರೆಯಲಿಲ್ಲ. ಆಮೇಲೆ ಎರಡು ಶ್ರಾವಣಗಳು ಪಡಿ ಇಲ್ಲದೆ ಕಳೆದವು. ಬಡಾವಣೆಯಲ್ಲಿ ಕಾಂಕ್ರೀಟು ಒಣಗುತ್ತಿತ್ತು, ಎಲ್ಲರಿಗೂ ಅದರದೇ ಧ್ಯಾನ.

ಮೂರನೆಯ ವರ್ಷ ತಾತನಿಗೆ ತಡೆಯಲಾಗಲಿಲ್ಲ. ಅವನ ಎಡ ಮಂಡಿ ಊದಿಕೊಂಡಿತ್ತು, ಕೋಲು ಬಂದಿತ್ತು. ಸಂಜೆ ಜಗುಲಿ ಎಂದು ಕರೆಯಬಹುದಾದ ಎರಡಡಿ ಸಿಮೆಂಟಿನ ಮೇಲೆ ಕೂತು ಆಕಾಶ ನೋಡುತ್ತಿದ್ದ. ವಿಮಾನ ಹೋದಾಗಲೆಲ್ಲ ಬೀದಿಯ ಮಕ್ಕಳು ಕೂಗುತ್ತಿದ್ದರು. ಅವನು ಅದು ಮರೆಯಾಗುವ ತನಕ ಕಾಯುತ್ತಿದ್ದ.

‘ನಂಗಿನ್ನೇನೂ ಬ್ಯಾಡ ಕಣಪ್ಪ. ಮುಕ್ತಿ ಒಂದ್ ಸಿಕ್ಕಿದ್ರೆ ಸಾಕು’ ಎಂದ ಒಂದು ದಿನ.

ನಾನಾಗ ಎರಡನೆಯ ವರ್ಷದ ಬಿ.ಕಾಂ. ಯಾವುದನ್ನೂ ಕೇಳದೆ ಬಿಡದ ವಯಸ್ಸು. ‘ಮುಕ್ತಿ ಅಂದ್ರೆ ಏನ್ ತಾತ?’

‘ತಿರ್ಗಾ ಹುಟ್ಟದಂಗಾಗೋದು.’

‘ಹುಟ್ಟಿದ್ರೆ ಏನ್ ಕಷ್ಟ? ಈಗ ತಾರಸಿ ಮನೆ ಐತೆ, ಬಚ್ಚಲಲ್ಲಿ ನಲ್ಲಿ ತಿರುವಿದ್ರೆ ಬಿಸಿನೀರು ಬರ್ತದೆ.’

‘ತಿರ್ಗಾ ಹುಟ್ಟಿದ್ರೆ ತಿರ್ಗಾ ನಿಮ್ಮಪ್ಪನ್ನ ಸಾಕ್ಬೇಕಲ್ಲೋ!’

ಒಳಗಿನಿಂದ ಅಪ್ಪ, ‘ಕೇಳುಸ್ತು’ ಎಂದರು.

ತಾತ ನಕ್ಕ. ಆಮೇಲೆ ಕೋಲಿನ ತುದಿಯಿಂದ ಸಿಮೆಂಟನ್ನು ಕೆರೆಯುತ್ತ ಹೇಳಿದ: ‘ನಂದು ಅಂತ ಹಿಡ್ಕೊಂಡಿರೋದ್ನೆಲ್ಲ ಬಿಡ್ಬೇಕು. ವರ್ಷಕ್ಕೊಂದ್ಸಲ ಕೈ ಒಡ್ಡಿ ನಿಂತ್ಕೊಂಡ್ರೆ ಹಿಡಿತ ಸಡ್ಲ ಆಗ್ತದೆ ಅಂತಿದ್ದ ನಮ್ಮಪ್ಪ. ಊರು ಬಿಡಿಸಿದ್ರು, ಬಿಟ್ಟೆ. ಹೊಲ ಬಿಡಿಸಿದ್ರು, ಬಿಟ್ಟೆ. ಆ ಪೆಟ್ಟಿಗೆ ಒಂದ್ ಬಿಡಕ್ಕಾಗ್ಲಿಲ್ಲ ನೋಡು. ಈ ಸಲ ಐದು ಮನೆ ಮುಗಿಸ್ಬೇಕು. ಐದೂ.’

ಐದೂ ಎಂದಾಗ ಯಾವ ಮನೆಯ ಮಾತು ಎಂದು ನನಗೆ ಗೊತ್ತಾಯಿತು. ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೂ ಗೊತ್ತಾಯಿತು.

ಹಳೆಯ ಬೀದಿಯ ನಾಲ್ಕು ಮನೆಗಳವರು ನಾಲ್ಕು ದಿಕ್ಕಿಗೆ ಹೋಗಿದ್ದರು. ಆ ಸಲದ ಶ್ರಾವಣದಲ್ಲಿ ಐದು ಶನಿವಾರ ಬಿದ್ದಿದ್ದವು. ವಾರಕ್ಕೊಂದು ಮನೆ ಎಂದು ನಾನು ಲೆಕ್ಕ ಹಾಕಿದೆ. ಪ್ರತಿ ಶನಿವಾರದ ಅಕ್ಕಿಯನ್ನು ದೇವರ ಮುಂದೆ ಒಂದು ಮಡಕೆಗೆ ಸುರಿದಿಟ್ಟು, ಕೊನೆಯ ವಾರ ಎಲ್ಲವನ್ನೂ ಸೇರಿಸಿ ಅನ್ನ ಮಾಡುವುದು. ತಾತ ಒಪ್ಪಿದ. ನನ್ನ ಮೊಪೆಡ್ಡಿನ ಹಿಂದೆ ಅವನು ಕೂರುವುದು, ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈ ನನ್ನ ಭುಜದ ಮೇಲೆ, ಕೋಲು ಇಬ್ಬರ ನಡುವೆ.

ಮೊದಲ ಮನೆ ನಮ್ಮ ಬಡಾವಣೆಯಲ್ಲೇ, ಮೂರು ಬೀದಿ ಆಚೆ. ಆ ಮನೆಯ ಸೊಸೆ ಅಕ್ಕಿಯ ಪ್ಯಾಕೆಟ್ಟನ್ನು ಕತ್ತರಿಯಲ್ಲಿ ಕತ್ತರಿಸಿ, ಬೊಗಸೆ ಎಷ್ಟು ದೊಡ್ಡದಿರಬೇಕು ಎಂದು ಒಳಗಿದ್ದ ಅತ್ತೆಯನ್ನು ಕೂಗಿ ಕೇಳಿದಳು. ಎರಡನೆಯವರು ನೆಲಮಂಗಲದ ಹತ್ತಿರ ಅರಿಶಿನಕುಂಟೆಯಲ್ಲಿ ಹೆದ್ದಾರಿ ಪಕ್ಕ ಅಂಗಡಿ ಇಟ್ಟಿದ್ದರು. ಯಜಮಾನ ಗಲ್ಲಾ ಪೆಟ್ಟಿಗೆಯಿಂದ ಐವತ್ತರ ನೋಟು ತೆಗೆದು ಚಾಚಿದ. ತಾತ ಚೊಂಬನ್ನು ಮುಂದೆ ಹಿಡಿದು ಹಾಗೇ ನಿಂತ. ಗಿರಾಕಿಗಳೆಲ್ಲ ನೋಡುತ್ತಿದ್ದರು. ಕೊನೆಗೆ ಯಜಮಾನನೇ ನಾಚಿಕೊಂಡು ಪಕ್ಕದ ಅಂಗಡಿಗೆ ಓಡಿ ಅಕ್ಕಿ ತಂದ.

ಮೂರನೆಯದು ಜಡಿಗೇನಹಳ್ಳಿ. ಹೊಸಕೋಟೆ ದಾಟಿ ಹೋಗಬೇಕು. ಅಲ್ಲಿ ತೋಟ ಮಾಡಿಕೊಂಡಿದ್ದ ಮನೆಯ ಅಜ್ಜಿ ಸಾಕಮ್ಮ ತಾತನ ಓರಗೆಯವಳು. ಹಣೆಯ ನಾಮ ಕಂಡದ್ದೇ, ‘ಅಯ್ಯೋ ನನ್ನಪ್ಪನೇ, ಇಷ್ಟ್ ದೂರ ಬಂದ್ಬಿಟ್ಯಾ!’ ಎಂದು ಸೆರಗು ಬಾಯಿಗಿಟ್ಟು ಅತ್ತಳು. ಅಕ್ಕಿ ಹಾಕಿದಳು, ಕಾಲು ಮುಟ್ಟಿದಳು. ಆಮೇಲೆ ಸುಮ್ಮನಿರುವುದು ಅವಳಿಂದ ಆಗಲಿಲ್ಲ.

‘ಸೊಸೆ ಹೆಂಗವ್ಳೆ?’

‘ಗೋವಿಂದ’ ಎಂದ ತಾತ, ತಲೆ ತೂಗಿ.

‘ಮಂಡಿ ಯಾಕಂಗೆ ಊದೈತೆ? ಡಾಕ್ಟ್ರಿಗ್ ತೋರ್ಸಿದ್ಯಾ?’

‘ಗೋವಿಂದ’ ಎಂದ, ಕೈ ಆಡಿಸಿ.

‘ನಿನ್ ತಮ್ಮ ಮಾತಾಡ್ಸ್ತಾನಾ?’

ತಾತ ಈ ಸಲ ಸ್ವಲ್ಪ ತಡೆದು ಗೋವಿಂದ ಎಂದ. ಸಾಕಮ್ಮ ನನ್ನ ಕಡೆ ತಿರುಗಿ, ‘ಅದೊಂದೇ ಮಾತಲ್ಲಿ ಎಲ್ಲಾ ಹೇಳ್ಬಿಡ್ತಾನೆ ನೋಡಪ್ಪ, ಸಣ್ಣೋನಿದ್ದಾಗ್ಲಿಂದ ಹಿಂಗೇ’ ಎಂದಳು. ನನಗೆ ನೀರು ಮಜ್ಜಿಗೆ ಕೊಟ್ಟಳು. ತಾತ ಬಿಸಿಲಲ್ಲಿ ಹೊಸಿಲಾಚೆ ನಿಂತೇ ಇದ್ದ, ತುಟಿ ಒಣಗಿತ್ತು. ವಾಪಸು ಬರುವಾಗ ಹೊಸಕೋಟೆಯಲ್ಲಿ ಗಾಡಿ ನಿಲ್ಲಿಸಿ, ‘ಒಂದ್ ಗುಟುಕು ಕುಡಿ ತಾತ, ಯಾರೂ ನೋಡಲ್ಲ’ ಎಂದೆ. ಅವನು ಕೋಲಿನಿಂದ ನನ್ನ ಬೆನ್ನಿಗೆ ತಿವಿದ. ಮನೆಗೆ ಬಂದು ಅಕ್ಕಿ ಸುರಿದಮೇಲೆ ಎರಡು ಚೊಂಬು ನೀರು ಕುಡಿದು, ‘ಯಾರೂ ನೋಡ್ದಿದ್ರೂ ಕುಡೀದಂಗಿರೋದಕ್ಕೇ ಕಣೋ ಇದು’ ಎಂದ. ಆ ಮಾತು ಅವತ್ತು ನನಗೆ ಬಹಳ ದೊಡ್ಡದಾಗಿ ಕಂಡಿತು. ಈಗಲೂ ದೊಡ್ಡದೇ. ಆದರೆ ಈಗ ಅದನ್ನು ನೆನೆದರೆ ಸಂಕಟವೂ ಆಗುತ್ತದೆ.

ನಾಲ್ಕನೆಯ ಶನಿವಾರ ಇಡೀ ದಾರಿ ಮಳೆ. ಚೊಂಬಿಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಬಂದೆವು.

ಐದನೆಯದು ಹತ್ತಿರವಾದಂತೆ ತಾತನಿಗೆ ನಿದ್ದೆ ಕಡಿಮೆಯಾಯಿತು. ಅಮ್ಮ ಆ ವಾರದಲ್ಲಿ ಒಂದು ದಿನ ರಾಗಿ ಹಿಟ್ಟು ಜರಡಿ ಹಿಡಿಯುತ್ತ, ತಲೆ ಎತ್ತದೆ ಹೇಳಿದಳು: ‘ಮಾವ, ನನ್ ಮಾತು ಕೇಳಿ. ಮೊದ್ಲು ಬರೀ ಕೈಲಿ ಹೋಗ್ಬನ್ನಿ. ಕೂತ್ಕೊಂಡು ಮಾತಾಡಿ. ಪಡಿ ಆಮೇಲೆ.’

‘ಬರೀ ಕೈಲಿ ಹೋಗಿ ಏನಂತ ಅನ್ಲಮ್ಮ?’

‘ಪೆಟ್ಟಿಗೆ ವಿಷ್ಯ ತಪ್ಪಾಯ್ತು ಅನ್ನಿ. ನಿಮ್ ತಮ್ಮನೇ ತಾನೆ.’

ತಾತ ಊದಿದ ಮಂಡಿಯನ್ನು ನೀವಿಕೊಂಡ. ‘ಬಾಯ್ ಬಿಟ್ಟು ಅನ್ನಕ್ಕಾಗಲ್ಲ ಕಣಮ್ಮ. ಚೊಂಬ್ ಹಿಡ್ಕೊಂಡ್ ಹೋದ್ರೆ ಅಂದಂಗೇ ಆಯ್ತು. ಅವನಿಗೆ ಅರ್ಥ ಆಗ್ತದೆ.’

ಅಮ್ಮ ಜರಡಿಯನ್ನು ಜೋರಾಗಿ ಆಡಿಸಿದಳು.

ಆ ಶನಿವಾರ ಬೆಳಗ್ಗೆ ಜಿಟಿಜಿಟಿ ಹನಿ. ಕುಂದಾಣದ ದಾರಿಯಲ್ಲಿ ದ್ರಾಕ್ಷಿ ತೋಟಗಳ ಚಪ್ಪರದ ಕಲ್ಲು ಕಂಬಗಳು ತೊಯ್ದು ಕಪ್ಪಾಗಿದ್ದವು. ಕೆಲವು ತೋಟಗಳಲ್ಲಿ ಬಳ್ಳಿ ಕಿತ್ತು ಸೈಟಿನ ಬೋರ್ಡು ನೆಟ್ಟಿದ್ದರು. ತಾತ ದಾರಿಯುದ್ದಕ್ಕೂ ಮಾತಾಡುತ್ತಿದ್ದ. ಖಾಲಿ ಚೊಂಬಿಗೆ ಕಟ್ಟುಪಾಡಿಲ್ಲವಲ್ಲ. ಚಿಕ್ಕತಾತ ಸಣ್ಣವನಿದ್ದಾಗ ಕೆರೆ ಕೋಡಿಯಲ್ಲಿ ಜಾರಿದ್ದು, ತಾನು ಅವನ ಜುಟ್ಟು ಹಿಡಿದು ಎಳೆದದ್ದು, ಜುಟ್ಟು ಹಿಡಿದದ್ದಕ್ಕೆ ಅವನು ತಿಂಗಳು ಮಾತು ಬಿಟ್ಟದ್ದು. ‘ಉಳಿಸಿದ್ದಕ್ಕಲ್ಲ, ಜುಟ್ಟು ಎಳೆದಿದ್ದಕ್ಕೆ ಕೋಪ ಅವನಿಗೆ’ ಎಂದು ನಕ್ಕ. ಮನೆ ಕಂಡಾಗ ಚೊಂಬಿನ ತುಳಸಿಯನ್ನು ಸರಿಮಾಡಿಕೊಂಡ.

ಚಿಕ್ಕತಾತನ ಮನೆ ಹೊಲದ ನಡುವೆ, ಹೆಂಚಿನದು. ಅಂಗಳದಲ್ಲಿ ಒಂದು ಚಕ್ಕೋತದ ಗಿಡ. ತಾತ ಗಾಡಿಯಿಂದ ಇಳಿದು, ಕೋಲನ್ನು ನನ್ನ ಕೈಗೆ ಕೊಟ್ಟು, ಕುಂಟುತ್ತ ಹೋಗಿ ಹೊಸಿಲಿನ ಮುಂದೆ ನಿಂತ. ‘ಗೋವಿಂದಾ’ ಎಂದ. ಮತ್ತೆ ಕೂಗಿದ.

ಚಿಕ್ಕತಾತ ಬಾಗಿಲಿಗೆ ಬಂದ. ಎರಡು ವರ್ಷದಲ್ಲಿ ಅವನ ಕೂದಲೂ ಪೂರ್ತಿ ಬೆಳ್ಳಗಾಗಿತ್ತು. ಅಣ್ಣನನ್ನು ನೋಡಿದ, ಚೊಂಬನ್ನು ನೋಡಿದ, ಒಳಗೆ ಹೋದ. ಬಾಗಿಲು ಹಾಕಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಮೊರದಲ್ಲಿ ಅಕ್ಕಿ ತಂದ. ಒಂದು ಬೊಗಸೆ, ಎರಡು, ಮೂರು. ಒಂದು ಕಾಳೂ ಕೆಳಗೆ ಬೀಳಲಿಲ್ಲ. ಮೊರವನ್ನು ಗೋಡೆಗೆ ಒರಗಿಸಿ ಬಗ್ಗಿ ಅಣ್ಣನ ಕಾಲು ಮುಟ್ಟಿದ. ಮುಟ್ಟಿದ ಕೈ ಅಲ್ಲೇ ನಿಂತಿತು. ಊದಿದ ಮಂಡಿ ಅವನ ಕಣ್ಣ ಮುಂದೆಯೇ ಇತ್ತು. ಎದ್ದು ನಿಂತಾಗ ಅವನ ಮುಖ ಬೇರೆಯಾಗಿತ್ತು.

‘ಅಣ್ಣ, ಒಳಕ್ ಬಾ’ ಎಂದ. ‘ಒಂದ್ ಲೋಟ ನೀರ್ ಕುಡ್ಕೊಂಡೋಗು.’

ತಾತನ ಬಾಯಿ ತೆರೆದುಕೊಂಡಿತು. ಅವನು ಕೈಯಲ್ಲಿದ್ದ ಚೊಂಬನ್ನು ನೋಡಿದ. ತುಂಬಿತ್ತು.

‘ಗೋವಿಂದ’ ಎಂದ.

ಚಿಕ್ಕತಾತ ಬಾಗಿಲಿನ ಪಕ್ಕಕ್ಕೆ ಸರಿದು, ಒಳಗೆ ಹೋಗಲು ಜಾಗ ಬಿಟ್ಟು ನಿಂತ. ಒಳಗೆ ನಡುಮನೆಯಲ್ಲಿ ಒಂದು ಚಾಪೆ, ಅದರ ಪಕ್ಕ ನೀರಿನ ಬಿಂದಿಗೆ ಕಾಣುತ್ತಿತ್ತು. ‘ಬಾರಣ್ಣ.’

ತಾತನ ಕಣ್ಣಲ್ಲಿ ನೀರು ತುಂಬಿತು. ಅವನು ಇನ್ನೊಂದು ಸಲ, ಯಾವತ್ತೂ ಹೇಳದಷ್ಟು ಮೆತ್ತಗೆ, ಗೋವಿಂದ ಎಂದ. ಅದರೊಳಗೆ ಏನೇನಿತ್ತೋ. ಆಮೇಲೆ ತಿರುಗಿ ಗಾಡಿಯ ಕಡೆ ಕುಂಟಿಕೊಂಡು ಬಂದ. ಗಾಡಿ ಹೊರಡಿಸುವಾಗ ನೋಡಿದೆ, ಚಿಕ್ಕತಾತ ಅದೇ ಜಾಗದಲ್ಲಿ, ಹಾಗೆಯೇ ಪಕ್ಕಕ್ಕೆ ಸರಿದು ನಿಂತಿದ್ದ.

ದಾರಿಯಲ್ಲಿ ತಾತನ ಕೈ ನನ್ನ ಭುಜವನ್ನು ಬಿಗಿಯಾಗಿ ಹಿಡಿದಿತ್ತು. ದುಃಖದಲ್ಲಿದ್ದಾನೆ ಎಂದುಕೊಂಡೆ. ಮನೆಗೆ ಬಂದು ದೇವರ ಮುಂದೆ ಅಕ್ಕಿ ಸುರಿದದ್ದೇ ತಡ, ಅವನು ಅಡುಗೆ ಮನೆಗೆ ನುಗ್ಗಿದ.

‘ಕರುದ್ನಮ್ಮ! ಒಳಕ್ ಬಾ ಅಂದ! ನೀರ್ ಕುಡಿ ಅಂದ!’

‘ಹೌದಾ?’ ಅಮ್ಮ ಒಲೆಯ ಮುಂದಿನಿಂದ ಎದ್ದೇಬಿಟ್ಟಳು. ‘ಹೋದ್ರಾ?’

‘ಚೊಂಬಿತ್ತಲ್ಲ ಕೈಲಿ.’

ಅಮ್ಮ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

‘ನಾಳೆ ಬರೀ ಕೈಲಿ ಹೋಗ್ತೀನಿ’ ಎಂದ ತಾತ. ‘ಇನ್ನೇನು, ಐದೂ ಆಯ್ತು. ಅವನೂ ಕರ್ದ. ಎಲ್ಲಾ ಆಯ್ತು.’ ಅಷ್ಟು ಸಂತೋಷವಾಗಿ ಅವನನ್ನು ಹೊಸ ಮನೆಯಲ್ಲಿ ನಾವು ಯಾರೂ ನೋಡಿರಲಿಲ್ಲ. ಅಮ್ಮ ಐದು ಮನೆಯ ಅಕ್ಕಿಯನ್ನು ತೊಳೆದು ಒಲೆಗಿಟ್ಟಳು. ಒಂದು ಬೆಂದರೆ ಇನ್ನೊಂದು ಬೇಯದು. ಎಷ್ಟು ನೀರಿಟ್ಟರೂ ಅಷ್ಟೇ. ಎಡೆಯಾದ ಮೇಲೆ ತಾತ ಒಂದು ಡಬ್ಬಿಗೆ ಅನ್ನ, ಬೆಲ್ಲ, ತುಪ್ಪ ಹಾಕಿಸಿ, ‘ಅವನಿಗ್ ಕೊಟ್ಬಾ. ನಾಳೆ ಅಣ್ಣ ಬತ್ತಾನೆ ಅನ್ನು’ ಎಂದು ನನ್ನನ್ನು ಮತ್ತೆ ಕುಂದಾಣದ ದಾರಿಗೆ ಕಳಿಸಿದ.

ಚಿಕ್ಕತಾತ ಚಕ್ಕೋತದ ಗಿಡದ ಬುಡಕ್ಕೆ ಮಣ್ಣು ಏರಿಸುತ್ತಿದ್ದ. ಕೈ ತೊಳೆದು ಬಂದು ಡಬ್ಬಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಅಲ್ಲೇ ಕಲ್ಲಿನ ಮೇಲೆ ಕೂತು ಒಂದು ಅಗುಳೂ ಬಿಡದೆ ತಿಂದ. ತಾತ ನಾಳೆ ಬರುತ್ತಾನೆ ಎಂದೆ. ಅವನು ತಲೆಯಾಡಿಸಿದ.

ನನಗೆ ಸುಮ್ಮನಿರಲಾಗಲಿಲ್ಲ. ‘ಚಿಕ್ಕತಾತ, ಬೇಜಾರ್ ಮಾಡ್ಕೋಬ್ಯಾಡ. ಕಾಳ್ ಬಿದ್ಮೇಲೆ ಹೊಸ್ಲು ದಾಟ್ಬಾರ್ದು ಅಂತ…’

‘ಗೊತ್ತು ಕಣಪ್ಪ’ ಎಂದ. ‘ನಾನೂ ಅದೇ ಅಪ್ಪನ ಮಗ. ಗೊತ್ತಿದ್ದೇ ಕರ್ದೆ.’

ಡಬ್ಬಿಯನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ನನ್ನ ಕೈಗೆ ಕೊಟ್ಟ.

ತಾತ ಕೇಳಿದ, ಏನಂದ ಎಂದು. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವನ ಮುಖದ ಮೇಲಿದ್ದ ಬೆಳಗಿನ ಸಂತೋಷ ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ‘ಗೊತ್ತಿದ್ದೇ ಕರ್ದೆ ಅಂದ್ನಾ?’ ಎಂದ. ಇನ್ನೊಂದು ಸಲ, ತನಗೇ ಎಂಬಂತೆ, ‘ಗೊತ್ತಿದ್ದೇ ಕರ್ದಿದ್ದಾನೆ’ ಎಂದ.

ಮಾರನೆಯ ದಿನ ಹೋದೆವು. ಚಾಪೆ ಹಾಸಿದರು, ಕಾಫಿ ಕೊಟ್ಟರು, ಬೋಂಡ ಮಾಡಿದ್ದರು. ಅಣ್ಣ ತಮ್ಮ ಇಬ್ಬರೂ ಮಳೆಯ ಮಾತಾಡಿದರು, ಮಂಡಿಗೆ ಯಾವ ಎಣ್ಣೆ ಒಳ್ಳೆಯದು ಎಂಬ ಮಾತಾಡಿದರು. ತಾತ ಎರಡು ಸಲ ಏನೋ ಹೇಳಲು ಹೊರಟ, ಎರಡೂ ಸಲ ಚಿಕ್ಕತಾತ ಇನ್ನೊಂದು ಬೋಂಡ ಹಾಕಿದ. ಜಗಳ ಮುಗಿದಿತ್ತು. ಮದುವೆ ಮುಂಜಿಗೆ ಹೋಗಿಬರುವಂತಾಯಿತು. ಹೊಟ್ಟೆ ಬಂದಿರುವ ದಾಸಪ್ಪನ ಮಾತನ್ನು ಮಾತ್ರ ಚಿಕ್ಕತಾತ ಮತ್ತೆಂದೂ ಆಡಲಿಲ್ಲ.

ಆ ವರ್ಷದ ದೀಪಾವಳಿಗೆ ತಾತ ಪೆಟ್ಟಿಗೆಯನ್ನು ಒರೆಸಿ, ಹೂವಿಟ್ಟು, ನನ್ನ ಮೊಪೆಡ್ಡಿಗೆ ಕಟ್ಟಿಸಿ ಕಳಿಸಿದ. ‘ಈ ವರ್ಷ ಅವನ ಹತ್ರ ಇರ್ಲಿ. ಯಾವಾಗ್ಲೂ ಇರ್ಲಿ.’ ಚಿಕ್ಕತಾತ ಅದನ್ನು ಇಳಿಸಿಕೊಳ್ಳಲೂ ಇಲ್ಲ. ಗಾಡಿಯ ಮೇಲಿದ್ದಂತೆಯೇ ಕೈ ಮುಗಿದ. ‘ನಾನ್ ಕೇಳಿದ್ದು ಆವಾಗ. ಈಗ ಬ್ಯಾಡ. ನನ್ನಿಂದ ಆ ಕಟ್ಟು ಅಷ್ಟ್ ಸರಿಯಾಗಿ ನಡ್ಸಕ್ಕಾಗಲ್ಲ. ಅಣ್ಣ ನಡುಸ್ತಾನೆ’ ಎಂದ. ವ್ಯಂಗ್ಯವಿರಲಿಲ್ಲ ಅದರಲ್ಲಿ, ಇದ್ದಿದ್ದರೆ ತಾತನಿಗೆ ಹೇಳುವುದು ಸುಲಭವಾಗುತ್ತಿತ್ತು. ಪೆಟ್ಟಿಗೆ ವಾಪಸು ಬಂದದ್ದನ್ನು ತಾತ ಕಂಡ. ಅದನ್ನು ಮೊದಲಿದ್ದ ಜಾಗದಲ್ಲೇ ಇಡಿಸಿ, ಬಾಗಿಲು ಎಳೆದುಕೊಂಡ.

ಆ ಚಳಿಗಾಲದಲ್ಲಿ ಒಂದು ಸಂಜೆ ಸಿಮೆಂಟಿನ ಮೇಲೆ ಕೂತಿದ್ದಾಗ ಅವನೇ ಮಾತು ತೆಗೆದ. ‘ಅವತ್ತು ಚೊಂಬು ಕೆಳಗಿಟ್ಟು ಒಳಕ್ ಹೋಗಿದ್ರೆ ಏನಾಗ್ತಿತ್ತು?’

‘ಪಡಿ ಕೆಡ್ತಿತ್ತು ತಾತ. ಐದು ಶನಿವಾರದ್ದೂ ದಂಡ.’

‘ಕೆಡ್ತಿತ್ತು’ ಎಂದ. ತಲೆಯ ಮೇಲೆ ವಿಮಾನವೊಂದು ಹೋಯಿತು. ಅದು ಹೋಗುವ ತನಕ ಕಾಯದೆ, ಆ ಸದ್ದಿನೊಳಗೇ ಅವನು ಏನೋ ಹೇಳಿದ. ನನಗೆ ಕೇಳಲಿಲ್ಲ, ಮತ್ತೆ ಹೇಳು ಎಂದು ಕೇಳುವ ಧೈರ್ಯವೂ ಬರಲಿಲ್ಲ. ಮುಕ್ತಿಯ ಮಾತನ್ನು ಅವನು ಆಮೇಲೆ ಆಡಿದ್ದು ನನಗೆ ನೆನಪಿಲ್ಲ.

ಮುಂದಿನ ಶ್ರಾವಣದ ಹೊತ್ತಿಗೆ ಅವನಿಗೆ ಏಳಲು ಆಗುತ್ತಿರಲಿಲ್ಲ. ಅಪ್ಪನಿಗೆ ಶನಿವಾರ ರಜೆಯಿಲ್ಲ. ಚೊಂಬು ನನ್ನ ಕೈಗೆ ಬಂತು. ಹಾಸಿಗೆಯ ಮೇಲೆ ಒರಗಿ ಕೂತು ತಾತನೇ ನನ್ನ ಹಣೆಗೆ ನಾಮ ಎಳೆದ. ಗೆರೆ ಸೊಟ್ಟಗಾಯಿತು.

‘ಗೋವಿಂದ ಅನ್ನೋದ್ ಬಿಟ್ಟು ಇನ್ನೊಂದ್ ಮಾತಿಲ್ಲ. ನೀರಿಲ್ಲ. ದುಡ್ಡು ಕೊಟ್ರೆ ಮುಟ್ಬ್ಯಾಡ.’

‘ಗೊತ್ತು ತಾತ.’

‘ಕೊನೇ ಮನೆ ಅವನ್ದು.’

‘ಗೊತ್ತು.’

ಹೆಬ್ಬೆರಳು ನನ್ನ ಹಣೆಯ ಮೇಲೇ ನಿಂತಿತು. ‘ಯಾರಾದ್ರೂ ಒಳಕ್ ಕರುದ್ರೆ, ಹೋಗು.’

‘ಪಡಿ ಕೆಡಲ್ವಾ?’

‘ಕೆಟ್ರೆ ಕೆಡ್ಲಿ. ಚೊಂಬನ್ನ ಹೊಸ್ಲಲ್ಲಿಟ್ಟು ಒಳಕ್ ಹೋಗು. ಕೂತ್ಕೊ. ನೀರ್ ಕುಡಿ.’

ಆ ಸಲ ಚಿಕ್ಕತಾತ ಅಕ್ಕಿ ಹಾಕಿ ಕಾಲು ಮುಟ್ಟಿದ, ಒಳಗೆ ಕರೆಯಲಿಲ್ಲ. ತಾತ ಹೋದ. ಚಿಕ್ಕತಾತನೂ ಹೋದ. ಇಬ್ಬರಲ್ಲಿ ಯಾರಿಗೆ ಏನು ಸಿಕ್ಕಿತೋ ನನಗೆ ತಿಳಿಯದು. ನಾನು ಪ್ರತಿ ಶ್ರಾವಣ ಕುಂದಾಣದ ಆ ಮನೆಯ ಮುಂದೆ ನಿಲ್ಲುತ್ತೇನೆ. ಚಿಕ್ಕತಾತನ ಮಗ, ಸೊಸೆ ಒಳ್ಳೆಯವರು. ಕೂಗಿದ ಕೂಡಲೇ ತೊಳೆದ ಕೈಯಲ್ಲಿ ಅಕ್ಕಿ ತರುತ್ತಾರೆ, ಮೂರು ಬೊಗಸೆ ತುಂಬ ಹಾಕುತ್ತಾರೆ, ಬೇಡ ಬೇಡ ಎಂದು ಮನಸ್ಸಿನಲ್ಲೇ ಅನ್ನುವಷ್ಟರಲ್ಲಿ ಬಗ್ಗಿ ಕಾಲು ಮುಟ್ಟುತ್ತಾರೆ. ಆಮೇಲೆ ಕೈ ಮುಗಿದು ಪಕ್ಕಕ್ಕೆ ನಿಲ್ಲುತ್ತಾರೆ. ನಾನು ಗೋವಿಂದ ಎಂದು, ನಿಲ್ಲಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತೇನೆ. ಅವರು ನಮ್ಮ ಮನೆತನದ ಕಟ್ಟುಪಾಡು ಬಲ್ಲವರು. ಇದುವರೆಗೆ ಒಮ್ಮೆಯೂ ಒಳಗೆ ಬಾ ಎಂದಿಲ್ಲ.